ಐದನೆಯವಳು

ನಮ್ಮ ಹಾಡಿಗೆ ಪಿಯಾನೋ ಆಗಿಬರುವುದಿಲ್ಲ. ಅದರಲ್ಲಿ ಎಲ್ಲ ಸ್ವರಗಳನ್ನೂ ಚೂರುಪಾರು ರಾಜಿ ಮಾಡಿಸಿ ಕೂರಿಸಿರುತ್ತಾರೆ; ಗಂಟಲಿಗೆ ಆ ಹಂಗಿಲ್ಲ. ನಾವು ನಾಲ್ವರು ಹೆಂಗಸರು ಭುಜಕ್ಕೆ ಭುಜ ತಾಗಿಸಿ ನಿಂತು, ಶ್ರುತಿಯ ಪೀಪಿಯಿಂದ ಒಂದೇ ಒಂದು ಸ್ವರ ತೆಗೆದುಕೊಂಡು, ಮಿಕ್ಕಿದ್ದನ್ನು ಪಕ್ಕದವಳ ದನಿಯಲ್ಲಿ ಹುಡುಕಿಕೊಳ್ಳುತ್ತೇವೆ. ನಾಲ್ಕೂ ದನಿ ನಿಜವಾದ ಜಾಗದಲ್ಲಿ ಕೂತರೆ ಯಾರೂ ಹಾಡದ ಇನ್ನೊಂದು ದನಿ ತಲೆಯ ಮೇಲೆ ಮೊಳಗುತ್ತದೆ. ಅವಳನ್ನು ನಾವು ಐದನೆಯವಳು ಎನ್ನುತ್ತೇವೆ.

ಅವಳನ್ನು ಕರೆತರುತ್ತಿದ್ದದ್ದು ನನ್ನ ಅಕ್ಕ ವರ್ನಾ. ನಾನು ಹಾಡಿನ ಧಾಟಿ ಹಿಡಿಯುವವಳು, ಡೊರೀನ್ ನನಗಿಂತ ಮೇಲೆ, ಆರ್ವಿಲಾ ತಳದಲ್ಲಿ. ಮಿಕ್ಕ ಸ್ವರಗಳೆಲ್ಲ ವರ್ನಾಳ ಪಾಲಿಗೆ. ಬೇರೆಯಾಗಿ ಕೇಳಿದರೆ ಅದು ಹಾಡೇ ಅಲ್ಲ, ಬಾಗಿಲು ಕಿರುಗುಟ್ಟಿದಂತಿರುತ್ತದೆ. ಆದರೆ ಮೇಳದ ಖಾರವೆಲ್ಲ ಅವಳು ಹಿಡಿಯುವ ಏಳನೆಯ ಸ್ವರದಲ್ಲಿದೆ. ಅದು ಪಿಯಾನೋ ತೋರಿಸುವುದಕ್ಕಿಂತ ಸ್ವಲ್ಪ ಕೆಳಗೆ ನಿಲ್ಲಬೇಕು. ಮೇಲೇರಿದರೆ ದನಿಗಳು ಒಂದನ್ನೊಂದು ತಿಕ್ಕಿ ನಡುಗುತ್ತವೆ. ಗಂಡ ಸತ್ತ ಮೇಲೆ ವರ್ನಾ ಮನೆಯಿಂದ ಹೊರಬೀಳುತ್ತಿದ್ದದ್ದು ಈ ಒಂದು ಸ್ವರಕ್ಕಾಗಿ ಮಾತ್ರ.

ಹೋದ ಚಳಿಗಾಲದಲ್ಲಿ ಅವಳ ಕಿವಿಗೆ ಮಷೀನು ಬಂತು. ಮಾತು ಚೆನ್ನಾಗಿ ಕೇಳತೊಡಗಿತು. ಐದನೆಯವಳು ಬರುವುದನ್ನು ನಿಲ್ಲಿಸಿದಳು.

ವರ್ನಾ ಸೀದಾ ಡೊರೀನಳ ಮೇಲೆ ಹರಿಹಾಯ್ದಳು. "ನೀನು ಮನೇಲಿ ಪಿಯಾನೋ ಜೊತೆ ಸಂಸಾರ ಮಾಡ್ತಿದೀಯ, ಅದಕ್ಕೇ ಹೀಗೆ. ಮುಚ್ಚಿಡು ಅದನ್ನ!"

"ನಮ್ಮನೆ ಪಿಯಾನೋ ಮೇಲೆ ಬೆಕ್ಕು ಮಲಗುತ್ತೆ ಕಣೆ," ಎಂದಳು ಡೊರೀನ್, ಪಾಪ.

ನನಗೆ ಗೊತ್ತಿತ್ತು. ಆರ್ವಿಲಾಳಿಗೂ ಗೊತ್ತಿತ್ತು. ಮಷೀನು ಸರಿಯಾದ ಸ್ವರವನ್ನೇ ಇಳಿದಂತೆ ಕೇಳಿಸುತ್ತಿತ್ತು. ವರ್ನಾ ಅದನ್ನು ತಿದ್ದಲು ಹೋಗಿ ಮೇಲೇರುತ್ತಿದ್ದಳು. ಮಷೀನು ತೆಗೆದರೆ ನಮ್ಮ ದನಿಯೇ ಅವಳಿಗೆ ಮುಟ್ಟುತ್ತಿರಲಿಲ್ಲ. "ನೀನೇ ಹೇಳು, ತಂಗಿ ನೀನು," ಎಂದು ಆರ್ವಿಲಾ ನನ್ನ ತಲೆಗೆ ಕಟ್ಟಿದಳು. ಹೇಗೆ ಹೇಳಲಿ? ಪಾತ್ರೆ ತೊಳೆಯುತ್ತ ನನಗೆ ಹಾಡು ಕಲಿಸಿದವಳೇ ಅವಳು.

ಶನಿವಾರ ಸೇಂಟ್ ಕ್ಲೌಡ್‌ನಲ್ಲಿ ಸ್ಪರ್ಧೆ. ಅದರ ಹಿಂದಿನ ಮಂಗಳವಾರ ಚರ್ಚಿನ ನೆಲಮಾಳಿಗೆಯಲ್ಲಿ ಅಭ್ಯಾಸಕ್ಕೆ ಸೇರಿದೆವು. ಆರ್ವಿಲಾ ಮನೆಯಲ್ಲಿ ಬೇಯಿಸಿ ತಂದಿದ್ದ ಆಲೂಗಡ್ಡೆಯ ಹಾಟ್‌ಡಿಶ್ ಮೇಜಿನ ಮೇಲೆ ಆರುತ್ತಿತ್ತು. ಕೊನೆಯ ಸಾಲು ಮತ್ತೆ ನಡುಗಿತು. ವರ್ನಾ ಮಷೀನು ಕಿತ್ತು ಜೇಬಿಗೆ ಹಾಕಿಕೊಂಡಳು.

"ಇವತ್ತು ಕಳ್ಳೀನ ಹಿಡಿದೇಬಿಡ್ತೀನಿ," ಎನ್ನುತ್ತ ನನ್ನ ಹಿಂದೆ ಬಂದು ಬೆನ್ನಿಗೆ ಅಂಗೈ ಒತ್ತಿದಳು. ನಡುಕ ಮೂಳೆಗೂ ತಿಳಿಯುತ್ತದೆ. ಚಿಕ್ಕವಳಿದ್ದಾಗ ನನ್ನ ಶ್ರುತಿ ತಿದ್ದುತ್ತಿದ್ದದ್ದೂ ಹೀಗೆಯೇ. "ಮೊದಲು ನೀವು ಮೂರು ಜನ ಹಾಡಿ. ಡೊರೀನ್ ಸಿಕ್ಕಿಬೀಳ್ತಾಳೆ ನೋಡ್ತಿರು."

ನಾವು ಮೂವರು ಕೊನೆಯ ಸಾಲು ಹಿಡಿದರೆ ಅದು ಅಲುಗದೆ ನಿಲ್ಲುತ್ತದೆ, ಆಮೇಲೆ ಅವಳು ಸೇರಿದಾಗ ಒಡೆಯುತ್ತದೆ. ಕಳ್ಳಿ ಯಾರೆಂದು ಅವಳ ಕೈಗೇ ತಿಳಿಯುತ್ತದೆ. ನನಗೆ ಹೆದರಿಕೆಯಾಯಿತು. ಆರ್ವಿಲಾ ತಳ ಹಿಡಿದಳು, ಡೊರೀನ್ ಮೇಲೆ ನಿಂತಳು. ನಾನು ಬೇಕೆಂದೇ ನನ್ನ ಸ್ವರವನ್ನು ಕೂದಲೆಳೆಯಷ್ಟು ಜಾರಿಸಿದೆ. ಹುಟ್ಟಿದಾಗಿನಿಂದ ಮಾಡದ ಕೆಲಸ. ಮೇಳ ಗಡಗಡ ನಡುಗಿತು. ಡೊರೀನ್ ಬಿಟ್ಟ ಕಣ್ಣು ಬಿಟ್ಟಂತೆ ನನ್ನನ್ನೇ ನೋಡಿದಳು.

ಬೆನ್ನಿನ ಮೇಲಿನ ಕೈ ಸ್ವಲ್ಪ ಹೊತ್ತು ಹಾಗೇ ಇತ್ತು. ಆಮೇಲೆ ಒಂದು ಏಟು ಬಿತ್ತು, ಜೋರಾಗಿಯೇನಲ್ಲ.

"ಮಾರ್ಲಿಸ್, ನೀನು ಯಾವತ್ತೂ ತಪ್ಪೋಳಲ್ಲ. ಯಾಕೆ ತಪ್ಪಿಸ್ದೆ?"

ನಾನು ತಿರುಗಲಿಲ್ಲ. ತಿರುಗಿ ಏನೇ ಹೇಳಿದರೂ ಆಗ ಅವಳಿಗೆ ಕೇಳುತ್ತಿರಲಿಲ್ಲ. ನನ್ನ ಭುಜಗಳು ಅಲುಗಿದ್ದು ಮಾತ್ರ ಅವಳ ಅಂಗೈಗೆ ತಿಳಿದಿರಬೇಕು.

"ಓ," ಎಂದಳು ವರ್ನಾ. ಬಹಳ ಮೆಲ್ಲಗೆ. "ನಾನಾ?"

ಅವಳು ಡೊರೀನಳ ಮುಂದೆ ಹೋಗಿ ಅವಳ ಕೊರಳಪಟ್ಟಿ ಸರಿಮಾಡಿದಳು. "ಬೆಕ್ಕಿಗೂ ಕ್ಷಮಿಸು ಅಂತ ಹೇಳೇ." ಡೊರೀನ್ ಅತ್ತುಬಿಟ್ಟಳು.

ಮತ್ತೆ ನನ್ನ ಹಿಂದೆ ಬಂದು ನಿಂತಳು. ಅಂಗೈ ಅದೇ ಜಾಗಕ್ಕೆ ಬಂತು. "ಈಗ ಸರಿಯಾಗಿ ಹಾಡಿ. ನಾನು ಸೇರಲ್ಲ."

ಹಾಡಿದೆವು. ಏಳನೆಯ ಸ್ವರವಿಲ್ಲದೆ ಮೇಳ ಬಡವಾಗಿತ್ತು, ಉಪ್ಪಿಲ್ಲದ ಸಾರಿನಂತಿತ್ತು. ಆದರೆ ಶುದ್ಧವಾಗಿತ್ತು. ಕೊನೆಯ ಸಾಲನ್ನು ಉಸಿರಿರುವಷ್ಟು ಹೊತ್ತು ಹಿಡಿದೆವು. ಆಗ ನೆಲಮಾಳಿಗೆಯ ತಗಡಿನ ಕೊಳವೆಗಳ ಕೆಳಗೆ, ನಮ್ಮ ತಲೆಗಳ ಮೇಲೆ, ಎಷ್ಟೋ ತಿಂಗಳ ಮೇಲೆ ಐದನೆಯವಳು ಬಂದಳು, ಮೂರೇ ದನಿಗೆ. ನನಗೆ ಸಂತೋಷವಾಯಿತು. ಸಂತೋಷವಾಯಿತಲ್ಲ ಎಂದು ನನ್ನ ಮೇಲೇ ಅಸಹ್ಯವಾಯಿತು.

ಬೆನ್ನ ಹಿಂದಿನಿಂದ ವರ್ನಾ ಕೇಳಿದಳು, ಕಿವುಡರು ಮಾತಾಡುವಷ್ಟು ಜೋರಾಗಿ. "ಬಂದ್ಲಾ?"

ಸುಳ್ಳು ಹೇಳಬಹುದಿತ್ತು. ಆದರೆ ಬೆನ್ನಿನ ಮೇಲೆ ಅವಳ ಕೈ ಇತ್ತು. ಹೌದೆಂದು ತಲೆಯಾಡಿಸಿದೆ.

"ಹಂಗಾದ್ರೆ ನಿಲ್ಲಿಸ್ಬೇಡಿ," ಎಂದಳು.