ಅರ್ಧ ಎಣಿಕೆ ತಡ

ಸಂಗೀತ ವಿಭಾಗದಲ್ಲಿ ಅವಳನ್ನು ಎಲ್ಲರೂ ಗುಬ್ಬಿ ಎಂದೇ ಕರೆಯುತ್ತಿದ್ದರು. ಆಳು ಸಣ್ಣವಳು. ಪಿಟೀಲಿನ ಪೆಟ್ಟಿಗೆ ಬೆನ್ನಿಗೇರಿಸಿಕೊಂಡು ಮೆಟ್ಟಿಲು ಹತ್ತುತ್ತಿದ್ದರೆ ಹಿಂದಿನಿಂದ ನೋಡುವವರಿಗೆ ಪೆಟ್ಟಿಗೆಗೇ ಕಾಲು ಬಂದಂತೆ ಕಾಣುತ್ತಿತ್ತು. ಅಪ್ಪ ಬಸ್ ಚಾಲಕ, ಅಕ್ಕ ದರ್ಜಿ. ಮನೆಯಲ್ಲಿ ಸಂಗೀತದ ಹುಚ್ಚು ಹತ್ತಿದ್ದು ಇವಳೊಬ್ಬಳಿಗೇ.

ನಾಲ್ಕು ವರ್ಷದ ಪದವಿಯಲ್ಲಿ ಅದು ಅವಳ ಮೂರನೇ ವರ್ಷ. ವರ್ಷದ ಕೊನೆಯ ಕಛೇರಿಯಲ್ಲಿ ವಿಶ್ವವಿದ್ಯಾಲಯದ ಅರವತ್ತು ಜನರ ವಾದ್ಯವೃಂದದ ಮುಂದೆ ನಿಂತು ಒಂಟಿಯಾಗಿ ಪಿಟೀಲು ನುಡಿಸುವ ಅವಕಾಶ ಒಬ್ಬರಿಗೆ ಮಾತ್ರ ಸಿಗುವುದಿತ್ತು. ಕೊನೆಗೆ ಉಳಿದವರು ಇಬ್ಬರು: ಗುಬ್ಬಿ ಮತ್ತು ಅವಳದೇ ತರಗತಿಯ, ಗಡಿಯಾರ ಎಂದು ಅಡ್ಡಹೆಸರಿನ ಹುಡುಗಿ. ಗಡಿಯಾರದ ಲಯ ಕೂದಲೆಳೆಯಷ್ಟೂ ಆಚೀಚೆ ಆಗುತ್ತಿರಲಿಲ್ಲ. ತರಗತಿಗೆ ಒಂದು ದಿನವೂ ತಡವಾಗಿ ಬಂದವಳಲ್ಲ. ಆ ಹೆಸರು ಬಂದದ್ದೇ ಹಾಗೆ.

ಆಯ್ಕೆಯ ದಿನ ವಾದ್ಯವೃಂದ ಇರುವುದಿಲ್ಲ. ಅದರ ಭಾಗವನ್ನೆಲ್ಲ ಒಬ್ಬರು ಪಿಯಾನೊ ಮೇಲೆ ನುಡಿಸುತ್ತಾರೆ. ಇಬ್ಬರು ಹುಡುಗಿಯರಿಗೂ ಜೊತೆ ನುಡಿಸುವವರು ಪಿಯಾನೊ ಮೇಡಂ. ಇಪ್ಪತ್ತಾರು ವರ್ಷದಿಂದ ಅದೇ ಕೆಲಸದಲ್ಲಿದ್ದ ಆ ಹೆಂಗಸಿಗೆ ಮಾತು ಕಡಿಮೆ. ಏನಾದರೂ ಕೇಳಿದರೆ ಒಂದು ಗಳಿಗೆ ಎದುರಿದ್ದವರ ಮುಖವನ್ನೇ ನೋಡಿ, ಆಮೇಲೆ ಉತ್ತರ ಕೊಡುತ್ತಿದ್ದರು. ಅದನ್ನು ಎಲ್ಲರೂ ಗಾಂಭೀರ್ಯ ಅಂದುಕೊಂಡಿದ್ದರು. ಗುಬ್ಬಿಯೂ ಹಾಗೇ ಅಂದುಕೊಂಡಿದ್ದಳು. ಎರಡು ವರ್ಷ ಅವರ ಜೊತೆ ನುಡಿಸಿದ್ದಳು, ಒಮ್ಮೆಯೂ ತೊಡಕಾಗಿರಲಿಲ್ಲ.

ಆಯ್ಕೆಗೆ ಇನ್ನು ನಾಲ್ಕು ವಾರ ಇರುವಾಗ ಒಂದು ಮಧ್ಯಾಹ್ನ ಗುಬ್ಬಿ ಸ್ವರಲಿಪಿಯ ಹಾಳೆಗಳನ್ನು ಜೆರಾಕ್ಸ್ ಮಾಡಿಸಿಕೊಂಡು ಬರುತ್ತಿದ್ದಳು. ಮೊಗಸಾಲೆಯ ತಿರುವಿನಾಚೆ ಗಡಿಯಾರದ ದನಿ ಕೇಳಿಸಿತು. "ದೊಡ್ಡಮ್ಮ, ಅಮ್ಮ ಭಾನುವಾರ ಊಟಕ್ಕೆ ಬಾ ಅಂದಿದಾಳೆ." ಗುಬ್ಬಿ ಇಣುಕಿದಳು. ಎದುರಿಗೆ ನಿಂತಿದ್ದವರು ಪಿಯಾನೊ ಮೇಡಂ.

ಅವಳು ತಟ್ಟನೆ ತಿರುವಿನ ಹಿಂದಕ್ಕೆ ಸರಿದಳು. ಎರಡು ವರ್ಷ ಒಂದೇ ತರಗತಿಯಲ್ಲಿ ಕೂತಿದ್ದರೂ ಗಡಿಯಾರ ಈ ಬಗ್ಗೆ ಬಾಯಿಬಿಟ್ಟಿರಲಿಲ್ಲ, ಮೇಡಂ ಕೂಡ ಹೇಳಿರಲಿಲ್ಲ. ಮುಚ್ಚಿಡುವಂಥದ್ದು ಏನೂ ಇಲ್ಲದಿದ್ದರೆ ಮುಚ್ಚಿಟ್ಟಿದ್ದು ಯಾಕೆ?

ಎರಡು ದಿನದ ನಂತರ ಇನ್ನೊಂದು ಸಂಗತಿ ಆಯಿತು. ಆಯ್ಕೆಗೆ ಇಬ್ಬರೂ ನುಡಿಸಬೇಕಿದ್ದ ಕೃತಿಯ ನಡುವೆ ನಿಧಾನದ ಭಾಗವೊಂದಿತ್ತು. ಪಿಟೀಲು ಎತ್ತರದ ಸ್ವರವೊಂದನ್ನು ಉಸಿರಿನಷ್ಟು ಮೆಲ್ಲಗೆ ಹಿಡಿದು ನಿಲ್ಲಿಸಬೇಕು, ಅದು ಮುಗಿಯುತ್ತಿದ್ದಂತೆ ಪಿಯಾನೊ ಬರಬೇಕು. ಆ ಸ್ವರಕ್ಕೆ ಮೊದಲು ಗುಬ್ಬಿ ಒಂದು ಚಿಕ್ಕ ಮೌನ ಸೇರಿಸಿದ್ದಳು. ಪುಸ್ತಕದಲ್ಲಿ ಇಲ್ಲದ್ದು, ತಿಂಗಳುಗಟ್ಟಲೆ ಒದ್ದಾಡಿ ತಾನೇ ಕಂಡುಕೊಂಡದ್ದು. ಅಂದು ಅಭ್ಯಾಸದ ಕೋಣೆಯಲ್ಲಿ ತಂತಿಗೆ ಶ್ರುತಿ ಮಾಡಿಕೊಳ್ಳುತ್ತಿದ್ದಾಗ ಗೋಡೆಯಾಚೆಯಿಂದ ಅದೇ ಭಾಗ ಕೇಳಿಸಿತು. ಅದೇ ಮೌನ, ಅಷ್ಟೇ ಉದ್ದ. ನುಡಿಸುತ್ತಿದ್ದವಳು ಗಡಿಯಾರ.

ಗುಬ್ಬಿಯ ತಲೆಗೆ ಹುಳ ಹೊಕ್ಕಿತು. ಅವಳ ಕೋಣೆಯಲ್ಲಿ ಕೂತು ಅವಳ ನುಡಿಸಾಣಿಕೆಯನ್ನು ವಾರಕ್ಕೆ ಮೂರು ಸಲ ನೋಡುವವರು ಒಬ್ಬರೇ. ತಂಗಿಯ ಮಗಳಿಗೆ ದಾಟಿಸಿದವರೂ ಅವರೇ ಇರಬೇಕು.

ಮುಂದಿನ ಅಭ್ಯಾಸಕ್ಕೆ ಅವಳು ಸ್ವರಲಿಪಿಯ ಸ್ಟ್ಯಾಂಡನ್ನು ಕಿಟಕಿಯ ಕಡೆ ತಿರುಗಿಸಿಕೊಂಡು, ಪಿಯಾನೊಗೆ ಬೆನ್ನು ಹಾಕಿ ನಿಂತಳು. ಬೆಳಕು ಸಾಲುತ್ತಿಲ್ಲ ಎಂದಳು. ಬೆರಳು ಎಲ್ಲಿ ಇಡುತ್ತೇನೆ, ಕಮಾನು ಎಷ್ಟು ಎಳೆಯುತ್ತೇನೆ ಎನ್ನುವುದು ಅವರಿಗೆ ಕಾಣಬಾರದು ಅನ್ನುವುದು ಅವಳ ಲೆಕ್ಕ. ಮೇಡಂ, ಮೊದಲಿನ ಹಾಗೇ ನಿಂತರೆ ಒಳ್ಳೆಯದಿತ್ತು ಎಂದರು. ಹಾಗೆ ಹೇಳಿದ್ದೇ ಗುಬ್ಬಿಯ ಅನುಮಾನವನ್ನು ಗಟ್ಟಿ ಮಾಡಿತು. ಅವಳು ಅಲ್ಲಾಡಲಿಲ್ಲ.

ಅಂದೇ ಪಿಯಾನೊ ತಪ್ಪಲು ಶುರುವಾಯಿತು. ನಿಧಾನದ ಭಾಗದಲ್ಲಿ ಅವಳ ಸ್ವರ ಮುಗಿದ ಮೇಲೆ ಅರ್ಧ ಎಣಿಕೆ ತಡವಾಗಿ ಬಂತು. ಎರಡನೇ ಸಲ ಅವಸರ ಮಾಡಿ ಅವಳ ಸ್ವರದ ಮೇಲೇ ಬಿತ್ತು. ಮರುದಿನವೂ ಹಾಗೇ. ತಪ್ಪುತ್ತಿದ್ದದ್ದು ಮೆಲ್ಲಗೆ ನುಡಿಸುವ ಕಡೆಗಳಲ್ಲಿ ಮಾತ್ರ. ಜೋರಾಗಿ ನುಡಿಸುವ ಕಡೆ ಎಲ್ಲ ಸರಿಯಾಗಿತ್ತು. ಇಪ್ಪತ್ತಾರು ವರ್ಷದ ಅನುಭವವಿರುವವರು ಹೀಗೆ ಆರಿಸಿ ಆರಿಸಿ ತಪ್ಪುತ್ತಾರೆಂದರೆ ಬೇಕೆಂದೇ ಮಾಡುತ್ತಿದ್ದಾರೆ ಎಂದಲ್ಲದೆ ಇನ್ನೇನು? ಗಡಿಯಾರದ ಅಭ್ಯಾಸದ ಹೊತ್ತಿಗೆ ಗುಬ್ಬಿ ಬಾಗಿಲ ಹೊರಗೆ ಬೂಟಿನ ಲಾಡಿ ಕಟ್ಟಿಕೊಳ್ಳುವ ನೆಪದಲ್ಲಿ ಕೂತು ಕಿವಿಗೊಟ್ಟಳು. ಒಳಗೆ ಪಿಯಾನೊ ಒಂದು ಕಡೆಯೂ ತಪ್ಪಲಿಲ್ಲ.

ಅವಳಿಗೆ ಊಟ ಸೇರದಾಯಿತು. ಹಾಸ್ಟೆಲಿನಲ್ಲಿ ಯಾರು ಪಿಸುಗುಟ್ಟಿದರೂ ತನ್ನ ಬಗ್ಗೆಯೇ ಅನ್ನಿಸುತ್ತಿತ್ತು. ಕೊನೆಗೆ ಒಂದು ದಿನ ಫೋನನ್ನು ಪುಸ್ತಕದ ಕಪಾಟಿನ ಮೇಲೆ ಒರಗಿಸಿಟ್ಟು, ಯಾರಿಗೂ ಹೇಳದೆ ಇಡೀ ಅಭ್ಯಾಸದ ವಿಡಿಯೊ ತೆಗೆದಳು. ಶುಕ್ರವಾರ ವಿಭಾಗದ ಮುಖ್ಯಸ್ಥರಿಗೆ ದೂರು ಬರೆದುಕೊಟ್ಟಳು: ಮೇಡಂ ತಮ್ಮ ಸಂಬಂಧಿಕಳಿಗೆ ಅನುಕೂಲವಾಗಲೆಂದು ನನ್ನ ಲಯ ಕೆಡಿಸುತ್ತಿದ್ದಾರೆ, ನನ್ನ ಹತ್ತಿರ ಸಾಕ್ಷಿ ಇದೆ. ಮುಖ್ಯಸ್ಥರು ಓದಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಇದು ಸಣ್ಣ ಮಾತಲ್ಲ, ಸೋಮವಾರದ ಅಭ್ಯಾಸಕ್ಕೆ ನಾನೇ ಬಂದು ಕೂರುತ್ತೇನೆ ಎಂದರು.

ಶನಿವಾರ ಅವಳು ಮನೆಗೆ ಹೋದಳು. ಅಕ್ಕ ಯಾರದೋ ಕೋಟಿನ ತೋಳು ಬಿಚ್ಚುತ್ತಾ ಕೂತಿದ್ದಳು. ಗುಬ್ಬಿ ನಡೆದದ್ದನ್ನೆಲ್ಲ ಉಸಿರು ಬಿಡದೆ ಹೇಳಿ ಫೋನನ್ನು ಅವಳ ಮುಂದಿಟ್ಟಳು. ಅಕ್ಕನಿಗೆ ಸಂಗೀತದ ಗಂಧಗಾಳಿ ಇರಲಿಲ್ಲ. ಯಾರು ಎಲ್ಲಿ ತಪ್ಪಿದರು ಅನ್ನುವುದೂ ತಿಳಿಯಲಿಲ್ಲ. ಆದರೆ ದಿನವಿಡೀ ಜನರ ಹೆಗಲು, ತೋಳು, ಮೊಣಕೈ ನೋಡಿಯೇ ಬದುಕುವವಳು. ಒಂದೇ ಜಾಗವನ್ನು ಮೂರು ಸಲ ಹಾಕಿ ನೋಡಿದಳು.

"ಅವರು ಪುಸ್ತಕ ನೋಡ್ತಾನೇ ಇಲ್ವಲ್ಲೇ," ಎಂದಳು. "ನಿನ್ನ ತೋಳು ನೋಡೋಕೆ ಕತ್ತು ಉದ್ದ ಮಾಡ್ತಿದಾರೆ. ನೀನು ಅಡ್ಡ ನಿಂತಿದೀಯ, ಕಾಣ್ತಿಲ್ಲ. ಆಗ ಈ ಕಡೆ ಕಿವಿ ತಿರುಗಿಸ್ತಾರೆ, ನೋಡು. ಬಟನ್ ಅಂಗಡಿ ಅಜ್ಜ ಹೀಗೇ ಮಾಡ್ತಿದ್ರು."

"ಯಾಕೆ?"

"ಅವರಿಗೆ ಕಿವಿ ಕೇಳಿಸ್ತಿರ್ಲಿಲ್ಲ ಕಣೇ."

ಗುಬ್ಬಿ ಫೋನು ಕಸಿದುಕೊಂಡು ನೋಡಿದಳು. ಅಕ್ಕ ಹೇಳಿದ್ದೆಲ್ಲ ಅಲ್ಲಿತ್ತು. ತಡವಾಗಿ ಬಂದ ಪ್ರತಿ ಸಲವೂ ಮೇಡಂ ತುಟಿ ಕಚ್ಚಿಕೊಳ್ಳುತ್ತಿದ್ದರು. ಜೋರಿನ ಸ್ವರ ಅವರಿಗೆ ಕೇಳುತ್ತಿತ್ತು. ಮೆಲ್ಲಗಿನ ಮೇಲಿನ ಸ್ವರಗಳನ್ನು ಅವರು ಕಣ್ಣಿನಿಂದಲೇ ಹಿಡಿಯುತ್ತಿದ್ದರು, ಕಮಾನು ನಿಲ್ಲುವುದನ್ನು ನೋಡಿ. ಬೆನ್ನು ಹಾಕಿ ನಿಂತು ಅದನ್ನು ಕಿತ್ತುಕೊಂಡವಳು ತಾನೇ. ಆದರೂ ಮನಸ್ಸು ಪೂರ್ತಿ ಒಪ್ಪಲಿಲ್ಲ. ಹಾಗಾದರೆ ಆ ಮೌನ ಗಡಿಯಾರದ ಕೈಗೆ ಹೇಗೆ ಹೋಯಿತು? ಅಕ್ಕ ದಾರ ಕತ್ತರಿಸುತ್ತಾ, ಅವಳು ನುಡಿಸಿದ್ದು ನಿನಗೆ ಹೇಗೆ ಕೇಳಿಸಿತು ಎಂದು ಕೇಳಿದಳು. ಗೋಡೆಯಾಚೆಯಿಂದ ಎಂದಳು ಗುಬ್ಬಿ. ಹಾಗೆ ಅಂದ ಮೇಲೆ, ತನ್ನ ಮೌನವೂ ಅದೇ ಗೋಡೆ ದಾಟಿರಬಹುದು ಎಂದು ಅವಳಿಗೆ ಹೊಳೆಯಿತು.

ಸೋಮವಾರ ಮುಖ್ಯಸ್ಥರು ಮೂಲೆಯ ಕುರ್ಚಿಯಲ್ಲಿ ಕೂತರು. ಮೇಡಂ ಮುಖ ಬಿಳುಚಿಕೊಂಡಿತ್ತು. ದೂರಿನ ವಿಷಯ ಅವರಿಗೆ ತಿಳಿಸಲಾಗಿತ್ತು. ಗುಬ್ಬಿ ಸ್ಟ್ಯಾಂಡನ್ನು ಪಿಯಾನೊ ಪಕ್ಕಕ್ಕೆ ಎಳೆದು, ಬಲತೋಳು ಪೂರ್ತಿ ಕಾಣುವಂತೆ ನಿಂತಳು. ಕೃತಿ ಮೊದಲಿನಿಂದ ಕೊನೆಯವರೆಗೆ ಹಾಲಿನಂತೆ ಹರಿಯಿತು. ಮುಖ್ಯಸ್ಥರು ತಪ್ಪೆಲ್ಲಿ ಎಂದು ಕೇಳಿದರು. ಸಾಕ್ಷಿ ತೋರಿಸು ಎಂದರು.

ಫೋನು ಅವಳ ಚೀಲದಲ್ಲೇ ಇತ್ತು, ತೋರಿಸಿದರೆ ಮೇಡಂ ಕೆಲಸಕ್ಕೇ ಕುತ್ತು. "ಸಾಕ್ಷಿ ಇಲ್ಲ ಸರ್," ಎಂದಳು ಗುಬ್ಬಿ. "ಲಯ ತಪ್ಪಿದ್ದು ನಾನು. ಹೆದರಿಕೆಗೆ ಮೇಡಂ ಮೇಲೆ ಹಾಕಿಬಿಟ್ಟೆ."

ಮುಖ್ಯಸ್ಥರು ಹತ್ತು ನಿಮಿಷ ಬೈದರು. ಲಿಖಿತ ಕ್ಷಮಾಪಣೆ ಬೇಕು, ಇನ್ನೊಮ್ಮೆ ಹೀಗಾದರೆ ಆಯ್ಕೆಯಿಂದಲೇ ಹೊರಗೆ ಎಂದು ಹೇಳಿ ಹೋದರು. ಬಾಗಿಲು ಮುಚ್ಚಿದ ಮೇಲೆ ಮೇಡಂ ಎದ್ದು ಬಂದು ಅವಳೆದುರು ನಿಂತರು. ಕೃತಜ್ಞತೆಯಿಂದಲ್ಲ. ಅವರ ಕಣ್ಣಲ್ಲಿದ್ದ ಅನುಮಾನವನ್ನು ಗುಬ್ಬಿ ಮೂರು ವಾರದಿಂದ ಕನ್ನಡಿಯಲ್ಲಿ ನೋಡುತ್ತಿದ್ದಳು.

"ಇವತ್ತು ಯಾಕೆ ಈ ಕಡೆ ತಿರುಗಿ ನಿಂತೆ? ಏನು ಗೊತ್ತು ನಿನಗೆ?"

ಗುಬ್ಬಿ ಅವರ ಮುಖ ನೋಡಿಕೊಂಡು ನಿಧಾನವಾಗಿ, ಗೊತ್ತಾಗಿದೆ ಮೇಡಂ, ಎಂದಳು.

"ಯಾರಿಗೆ ಹೇಳಿದೀಯ? ನಿನಗೇನು ಬೇಕು ನನ್ನಿಂದ?"

ಅಕ್ಕನಿಗೆ ಬಿಟ್ಟು ಯಾರಿಗೂ ಇಲ್ಲ, ಏನೂ ಬೇಡ ಎಂದಳು. ಅವರು ನಂಬಲಿಲ್ಲ. ಫೋನು ತೆಗೆದು ವಿಡಿಯೊವನ್ನು ಅವರೆದುರೇ ಅಳಿಸಿದಳು. ಇನ್ನೆಲ್ಲಾದರೂ ಇಟ್ಟಿದ್ದೀಯಾ ಎಂದು ಕೇಳಿದರು. ಆಮೇಲಿನ ಅಭ್ಯಾಸಗಳಲ್ಲಿ ಇಬ್ಬರೂ ಬೇಕಾದಷ್ಟೇ ಮಾತಾಡಿದರು. ಮೇಡಂ ಅವಳ ಕಮಾನು ಬಿಟ್ಟು ಕಣ್ಣು ತೆಗೆಯುತ್ತಿರಲಿಲ್ಲ. ಪಾಠ ಮುಗಿದ ಮೇಲೆ ಅವಳು ಯಾರ ಜೊತೆ ನಿಂತು ಮಾತಾಡುತ್ತಾಳೆ ಎಂದೂ ಕಿಟಕಿಯಿಂದ ನೋಡುತ್ತಿದ್ದರು. ಗುಬ್ಬಿ ಅದನ್ನು ಕಂಡೂ ಕಾಣದಂತಿದ್ದಳು.

ಆಯ್ಕೆಯಲ್ಲಿ ಇಬ್ಬರೂ ಚೆನ್ನಾಗಿ ನುಡಿಸಿದರು. ಐವರು ಪರೀಕ್ಷಕರಲ್ಲಿ ಮೂವರು ಗುಬ್ಬಿಯ ಪರ ನಿಂತರು. ದೂರಿನ ಸಂಗತಿ ಹೇಗೋ ಹೊರಬಿದ್ದು, ಸಂಜೆಯೊಳಗೆ ಹಾಸ್ಟೆಲಿನಲ್ಲಿ ಬೇರೆಯೇ ಸುದ್ದಿ ಹರಡಿತ್ತು: ಗುಬ್ಬಿ ದೂರು ಕೊಟ್ಟು ಮೇಡಂರನ್ನು ಹೆದರಿಸಿದ್ದಾಳೆ, ಅದಕ್ಕೇ ಅವರು ಸ್ವಂತ ತಂಗಿಯ ಮಗಳಿಗೆ ಸರಿಯಾಗಿ ಜೊತೆ ಕೊಡಲಿಲ್ಲ. ಗಡಿಯಾರ ನೇರವಾಗಿ ಕೋಣೆಗೇ ಬಂದಳು.

"ದೊಡ್ಡಮ್ಮ ನಿನ್ನ ಹೆಸರು ಎತ್ತಿದ್ರೆ ಬೆವರ್ತಾರೆ. ಏನು ಹಿಡ್ಕೊಂಡು ಕೂತಿದೀಯ ಅವರದ್ದು?"

ಒಂದೇ ಮಾತಿನಲ್ಲಿ ತಾನು ಪಾರಾಗಬಹುದಿತ್ತು ಅನ್ನುವುದು ಗುಬ್ಬಿಗೆ ಗೊತ್ತಿತ್ತು. ನಾಲಿಗೆಯ ತುದಿಗೂ ಬಂತು. "ಏನೂ ಇಲ್ಲ," ಎಂದಳು. ಗಡಿಯಾರ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ ಹೊರಟುಹೋದಳು. ಅಂದಿನಿಂದ ಊಟದ ಮೇಜಿನಲ್ಲಿ ಗುಬ್ಬಿಯ ಪಕ್ಕದ ಕುರ್ಚಿ ಖಾಲಿ ಉಳಿಯತೊಡಗಿತು. ಕಛೇರಿಯ ದಿನ ಸಭಾಂಗಣ ತುಂಬಿತ್ತು. ಅಪ್ಪ ರಜೆ ಹಾಕಿ ಬಂದಿದ್ದ, ಅಕ್ಕ ಹೊಸ ಉಡುಪು ಹೊಲಿದುಕೊಟ್ಟಿದ್ದಳು. ಚಪ್ಪಾಳೆ ಜೋರಾಗಿಯೇ ಬಿತ್ತು. ಅವಳ ತರಗತಿಯವರು ಕೂತಿದ್ದ ಸಾಲಿನಲ್ಲಿ ಮಾತ್ರ ಕೈಗಳು ಮಡಿಲಲ್ಲೇ ಇದ್ದವು.

ಆ ಬೇಸಿಗೆ ರಜೆಯಲ್ಲಿ ಮೇಡಂ ವೈದ್ಯರ ಹತ್ತಿರ ಹೋದರು. ಕಿವಿಗೆ ಯಂತ್ರ ಹಾಕಿಸಿಕೊಂಡು, ವಿಭಾಗಕ್ಕೆ ತಾವೇ ತಿಳಿಸಿದರು. ಕೆಲಸ ಹೋಗಲಿಲ್ಲ, ವಾರಕ್ಕೆ ಎರಡು ದಿನ ಕಡಿಮೆಯಾಯಿತು, ಅಷ್ಟೆ. ರಜೆ ಮುಗಿಸಿ ಬಂದ ಮೊದಲ ದಿನ ಗಡಿಯಾರ ಮೆಟ್ಟಿಲ ಹತ್ತಿರ ಗುಬ್ಬಿಯನ್ನು ತಡೆದು ನಿಲ್ಲಿಸಿದಳು. ದೊಡ್ಡಮ್ಮ ಎಲ್ಲ ಹೇಳಿದರು ಎಂದಳು. ಕ್ಷಮೆ ಕೇಳಲಿಲ್ಲ, ಗುಬ್ಬಿಯೂ ಕೇಳಲಿಲ್ಲ. ಇಬ್ಬರಿಗೂ ಕೇಳಬೇಕಾದದ್ದಿತ್ತು, ಯಾರು ಮೊದಲು ಅನ್ನುವುದು ತೀರ್ಮಾನವಾಗಲಿಲ್ಲ. ಈ ಸಲದ ವೇಳಾಪಟ್ಟಿಯಲ್ಲಿ ಮಧ್ಯಾಹ್ನದ ತರಗತಿಗಳೇ ಜಾಸ್ತಿ ಎಂದು ಮಾತಾಡಿಕೊಳ್ಳುತ್ತಾ ಕ್ಯಾಂಟೀನಿನ ಕಡೆ ನಡೆದರು.