ಮಣ್ಣು ಮಾಡುವಾಗ ಓದಿದ ವಚನ

ನರ್ಸಮ್ಮನ ಬೈಬಲ್ ತರಗತಿಗೆ ವೆಲ್ಡರ್ ಹೋದದ್ದು ಕಲಿಯುವುದಕ್ಕಲ್ಲ, ಕಳ್ಳತನ ಹಿಡಿಯುವುದಕ್ಕೆ. ಆಸ್ಪತ್ರೆಯ ಕೆಲಸದಿಂದ ನಿವೃತ್ತಿಯಾದ ಆ ಹೆಂಗಸು ಬೇರೆ ಯಾರೂ ಅಲ್ಲ, ಚರ್ಚಿನ ಸಭೆಯ ಹಿರಿಯರ ಒಡಹುಟ್ಟಿದ ತಂಗಿ. ಎಂಟು ತಿಂಗಳ ಹಿಂದೆ ವೆಲ್ಡರನ ತಮ್ಮ ಲಾರಿ ಚಕ್ರಕ್ಕೆ ಸಿಕ್ಕಿ ಸತ್ತಾಗ, ಮಣ್ಣು ಮಾಡುವ ಹೊತ್ತಿನಲ್ಲಿ ಆ ಹಿರಿಯರು ಬೈಬಲಿನ ಯೋಬನ ಪುಸ್ತಕ ಬಿಡಿಸಿ ಒಂದೇ ಒಂದು ವಚನ ಓದಿದ್ದರು: ಮಕ್ಕಳು ಪಾಪ ಮಾಡಿದರು, ದೇವರು ಅವರನ್ನು ಆ ಪಾಪದ ಕೈಗೇ ಒಪ್ಪಿಸಿಬಿಟ್ಟ ಎಂಬ ಅರ್ಥದ್ದು. ಹುಡುಗ ಆರಾಧನೆಗೆ ಬರುವುದನ್ನು ಬಿಟ್ಟಿದ್ದನಲ್ಲ, ಅದಕ್ಕೆ.

ಅವತ್ತಿನಿಂದ ಅಮ್ಮ ಚಿಕ್ಕವನ ಹೆಸರೆತ್ತಿರಲಿಲ್ಲ. ದೇವರೇ ಕೈಬಿಟ್ಟವನಿಗಾಗಿ ಅತ್ತರೆ ಅದೂ ತಪ್ಪೇ ಎಂದು ಅವಳು ತೀರ್ಮಾನಿಸಿಬಿಟ್ಟಿದ್ದಳು. ತಮ್ಮ ಒಂದು ಸಲ ಸತ್ತ, ಅಮ್ಮನ ಬಾಯಲ್ಲಿ ದಿನಾ ಸಾಯುತ್ತಿದ್ದಾನೆ ಎಂದು ವೆಲ್ಡರನಿಗೆ ಹೊಟ್ಟೆ ಉರಿಯುತ್ತಿತ್ತು. ಈಗ ತಂಗಿ ತರಗತಿ ಶುರು ಮಾಡಿದ್ದಾಳೆ ಅಂದರೆ ಅಣ್ಣನ ಮಾತಿಗೆ ಬಣ್ಣ ಬಳಿಯಲೆಂದೇ. ಬಳಿಯಲಿ, ನೋಡೋಣ.

ಸಭಾಮಂದಿರದ ಹಿಂದಿನ ಕೋಣೆಯಲ್ಲಿ ಆರು ಕಬ್ಬಿಣದ ಕುರ್ಚಿ. ನರ್ಸಮ್ಮ ಎಲ್ಲರಿಗೂ ಒಂದೊಂದು ಜೆರಾಕ್ಸ್ ಹಾಳೆ, ಒಂದೊಂದು ಕೆಂಪು ಪೆನ್ಸಿಲ್ ಕೊಟ್ಟಳು. ವೆಲ್ಡರ್ ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿದ.

“ವಚನಗಳ ನಂಬರೇ ಇಲ್ವಲ್ಲ ಇದ್ರಲ್ಲಿ. ಏನು ಮುಚ್ಚಿಡ್ತಿದ್ದೀರಾ?”

“ನಂಬರ್ ಇದ್ರೆ ನೀವು ಒಂದೊಂದೇ ಕಿತ್ಕೊಂಡು ಜೇಬಿಗೆ ಹಾಕ್ಕೋತೀರಪ್ಪ. ಪೂರ್ತಿ ಓದೋರು ಯಾರು?”

ಪಕ್ಕದಲ್ಲಿದ್ದ ದರ್ಜಿ ಕಿಸಕ್ಕನೆ ನಕ್ಕ. “ಏಳನೇ ಕ್ಲಾಸಿಗೇ ಪುಸ್ತಕಕ್ಕೆ ಕೈಮುಗಿದೋನು ಪೆನ್ಸಿಲ್ ಹಿಡ್ದಿದ್ದಾನೆ ನೋಡ್ರಪ್ಪ!”

“ನಿನ್ನ ಟೇಪಿಗಿಂತ ನನ್ನ ಕಣ್ಣು ಸರಿಯಾಗಿದೆ, ಸುಮ್ನಿರು.”

ನರ್ಸಮ್ಮ ಇಬ್ಬರನ್ನೂ ಲೆಕ್ಕಕ್ಕಿಡಲಿಲ್ಲ. “ರೋಗಿ ಒಳಗೆ ಬರ್ತಿದ್ದ ಹಾಗೇ ರೋಗದ ಹೆಸರು ಹೇಳಬಾರದು. ಮೊದಲು ನೋಡಿ. ಮಾತಾಡ್ತಿರೋದು ಯಾರು, ಯಾರಿಗೆ? ಅದಕ್ಕೆ ಮುಂಚೆ ಏನಾಯ್ತು, ಆಮೇಲೆ ಏನಾಯ್ತು? ಕಣ್ಣಿಗೆ ಕಂಡಿದ್ದನ್ನಷ್ಟೇ ಬರೀರಿ. ಅರ್ಥ ಆಮೇಲೆ. ನಾವೇನು ಮಾಡ್ಬೇಕು ಅನ್ನೋದು ಕಟ್ಟಕಡೆಗೆ.”

ಎರಡು ವಾರ ಅವಳು ಅಣ್ಣನ ಸುದ್ದಿಯನ್ನೇ ಎತ್ತಲಿಲ್ಲ. ವೆಲ್ಡರನ ಅನುಮಾನ ಇನ್ನೂ ಬಲಿಯಿತು. ಇಷ್ಟು ಒಳ್ಳೆಯವಳಾಗಿರುವುದಕ್ಕೆ ಏನೋ ಕಾರಣ ಇರಲೇಬೇಕು.

ಮೂರನೇ ವಾರದ ಹಾಳೆ ಯೋಬನದು. ಮಾತಾಡುವವರ ಹೆಸರು ಬಂದಲ್ಲೆಲ್ಲ ಕೆಂಪು ಗೆರೆ ಎಳೆಯಬೇಕು. ಬೆಸುಗೆಯಲ್ಲಿ ಬಿರುಕು ಹುಡುಕುವವನಂತೆ ಅವನು ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟುಕೊಂಡು ಹೋದ. ನಡುವೆ ಆ ವಾಕ್ಯ ಸಿಕ್ಕಿತು. ಇದನ್ನು ಹೇಳಿದ್ದು ಯಾರು? ಬೆರಳು ಮೇಲಕ್ಕೆ ಸರಿಯಿತು. ದೇವರಲ್ಲ. ಬಿಲ್ದದ. ಮಕ್ಕಳನ್ನು ಕಳೆದುಕೊಂಡು ಬೂದಿಯಲ್ಲಿ ಕೂತ ಯೋಬನನ್ನು ಸಮಾಧಾನ ಮಾಡಲು ಬಂದ ಗೆಳೆಯ. ತಾನು ಕೆಲಸ ಮಾಡುವ ವೆಲ್ಡಿಂಗ್ ಶೆಡ್ಡಿನ ಗೋಡೆಗೆ ಯಜಮಾನರು ಬರೆಸಿದ್ದ, ಆರಂಭ ಅಲ್ಪವಾದರೂ ಮುಂದೆ ವೃದ್ಧಿ ಎಂಬ ಮಾತೂ ಇದೇ ಪುಣ್ಯಾತ್ಮನದು! ಹಾಳೆಯ ಕೊನೆಯಲ್ಲಿ ದೇವರು ಬಾಯಿಬಿಟ್ಟಿದ್ದ. ಬಂದಿದ್ದ ಮೂವರು ಗೆಳೆಯರ ಮೇಲೂ ಕೋಪ, ತನ್ನ ವಿಷಯದಲ್ಲಿ ಅವರು ಸರಿಯಾದುದನ್ನು ಆಡಲಿಲ್ಲವೆಂದು.

ಎಲ್ಲರೂ ಹೋಗುವ ತನಕ ಅವನು ಕುರ್ಚಿ ಬಿಟ್ಟು ಏಳಲಿಲ್ಲ.

“ಗೊತ್ತಿದ್ದೇ ಈ ಹಾಳೆ ಕೊಟ್ರಾ?”

“ಗೊತ್ತಿತ್ತು.”

“ಎಂಟು ತಿಂಗಳು ಬಾಯಿಗೆ ಬೀಗ ಹಾಕ್ಕೊಂಡಿದ್ರಾ? ನೇರವಾಗಿ ಹೇಳೋಕೆ ಏನಾಗಿತ್ತು?”

“ಅಣ್ಣನಿಗೆ ಹೇಳ್ದೆ, ಕೇಳ್ಲಿಲ್ಲ. ನಿನಗೆ ಹೇಳಿದ್ರೆ ನಂಬ್ತಿದ್ಯಾ?”

“ಇಲ್ಲ.”

“ಅದಕ್ಕೇ ಪೆನ್ಸಿಲ್ ಕೊಟ್ಟೆ.”

ಮನೆಯಲ್ಲಿ ಅಮ್ಮ ಒಗೆದ ಬಟ್ಟೆ ಮಡಿಸುತ್ತಿದ್ದಳು. ಮಗ ಉಸಿರು ಬಿಡದೆ ಎಲ್ಲ ಒದರಿದ. ಅವಳು ಕತ್ತೆತ್ತದೆ, “ಹಿರಿಯರ ಮೇಲೆ ಜಗಳ ತೆಗೆಯೋಕೆ ಇದೊಂದು ನೆಪನಾ ನಿಂಗೆ?” ಎಂದಳು.

“ನನ್ನ ಮಾತು ಬೇಡ. ಪುಸ್ತಕ ಕೇಳು.”

ಮನೆಯ ಬೈಬಲನ್ನೇ ತೆಗೆದು ಮೊದಲಿನಿಂದ ಓದಿದ. ಯೋಬನ ಮಕ್ಕಳು ಊಟಕ್ಕೆ ಕೂತಿದ್ದರು, ಬಿರುಗಾಳಿ ಬೀಸಿ ಮನೆ ಬಿತ್ತು. ಅಮ್ಮನ ಕೈ ನಿಂತಿತು.

“ಗಾಳಿ ಬಂತು ಅಂತ ಇದ್ಯಾ? ಪಾಪಕ್ಕೆ ಅಂತ ಇಲ್ವಾ?”

“ಇಲ್ಲ.”

“ಇನ್ನೊಂದ್ಸಲ ಓದು. ನೀನಾಗೇ ಸೇರಿಸ್ಬೇಡ.”

ಮೂರು ಸಲ ಓದಿಸಿದಳು. ಬಿಲ್ದದನ ಮಾತನ್ನು ಎರಡು ಸಲ. ದೇವರ ಕೋಪದ ಸಾಲಿಗೆ ಬಂದಾಗ ಅವಳ ಕಣ್ಣು ತುಂಬಿ ಹರಿಯುತ್ತಿತ್ತು. ವೆಲ್ಡರ್ ಪಟ್ಟನೆ ಬೈಬಲ್ ಮುಚ್ಚಿ ಎದ್ದ. ಇದೇ ಸಾಲನ್ನು ಹಿರಿಯರ ಮುಖಕ್ಕೆ ಬಡಿಯಬೇಕು, ಊರಿಗೆಲ್ಲ ಕೇಳುವಂತೆ.

“ಕೂತ್ಕೋ. ಆಮೇಲೆ ಏನಾಯ್ತು?”

“ಆಮೇಲೆ ಏನಿಲ್ಲ.”

“ಏನಿಲ್ಲದಿದ್ರೆ ಯಾಕೆ ಅಷ್ಟು ಬೇಗ ಮುಚ್ದೆ? ಓದೋ.”

ಓದಿದ. ಗೆಳೆಯರು ಬಲಿಗೆಂದು ಏಳು ಹೋರಿ, ಏಳು ಟಗರು ಹಿಡಿದುಕೊಂಡು ಯೋಬನ ಬಳಿಗೆ ಹೋಗಬೇಕು, ಯೋಬ ಅವರಿಗಾಗಿ ಪ್ರಾರ್ಥಿಸುತ್ತಾನೆ. ಅಣ್ಣತಂಗಿ ಒಡ್ಡಿದ ಬಲೆ ಇದೇ, ಕೊನೆಗೆ ಕ್ಷಮಿಸಿಬಿಡಿ ಅಂತಾರೆ ಎಂದು ಅವನು ಹಲ್ಲು ಕಚ್ಚಿದ.

ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. “ಯಾರು ಯಾರ ಹತ್ರ ಹೋಗ್ಬೇಕು ಅಂತಿದೆ?”

“ಅವರು. ಯೋಬನ ಹತ್ರ.”

“ಯೋಬ ಅವರ ಮನೆಗೆ ಹೋಗ್ಬೇಕು ಅಂತಿಲ್ವಲ್ಲ? ಹಾಗಾದ್ರೆ ಹಿರಿಯರು ಇಲ್ಲಿಗೆ ಬರ್ಲಿ. ಹೋರಿ ಟಗರು ಬೇಡ ಅನ್ನು, ಕಟ್ಟೋಕೆ ಜಾಗ ಇಲ್ಲ. ಇಲ್ಲಿ ಕೂತು ನನ್ನ ಚಿಕ್ಕೋನ ಹೆಸರು ಹಿಡಿದು, ಓದಿದ್ದು ತಪ್ಪಾಯ್ತು ಅನ್ಲಿ. ಆಮೇಲೆ ಪ್ರಾರ್ಥನೆ ಮಾಡ್ತೀನಿ. ಹೋಗಿ ಹೇಳು. ಕೂಗಾಡ್ಬೇಡ.”

ವೆಲ್ಡರ್ ಬೈಬಲ್ ಕಂಕುಳಲ್ಲಿಟ್ಟುಕೊಂಡು ಹೊರಟ. ಹಿರಿಯರ ಬೀದಿಯ ತಿರುವಿನಲ್ಲಿ ಅವನಿಗೆ ಅಮ್ಮನ ಮೇಲೂ ಅನುಮಾನ ಬಂತು. ಒಂದು ಮುಚ್ಚಿದ ಅಂಗಡಿಯ ಮೆಟ್ಟಿಲಲ್ಲಿ ಕೂತು, ಆ ಸಾಲಿನ ಮೇಲೆ ಬೆರಳಿಟ್ಟು ಮತ್ತೆ ಓದಿದ. ಗೆಳೆಯರಿಗೆ, ಯೋಬನ ಬಳಿಗೆ ಹೋಗಿರಿ ಎಂದೇ ಇತ್ತು. ಎದ್ದು, ಅಂಗಿ ಕೊಡವಿಕೊಂಡು, ಹೋಗಿ ಹಿರಿಯರ ಬಾಗಿಲು ತಟ್ಟಿದ.