ಸಿಟ್ಟಿನ ಬೇರು

ನಿಘಂಟಿನ ಕೆಲಸದವಳಿಗೆ ಒಂದು ಚಾಳಿ. ಯಾವ ಪದದ ಅರ್ಥವನ್ನೇ ಆಗಲಿ, ಬರೆದು ಮುಗಿಸುವ ಮೊದಲು ಮನೆಗೆ ಬಂದವರ ಬಾಯಲ್ಲಿ ಅದನ್ನು ಹೊರಡಿಸಿ ನೋಡಲೇಬೇಕು. ಹಾಲಿನವನನ್ನೂ ಬಿಟ್ಟವಳಲ್ಲ, ಪುಣ್ಯಾತ್ಗಿತ್ತಿ! ಈ ವಾರ ಅವಳ ಮೇಜಿನ ಮೇಲೆ ಸಿಟ್ಟು ಕೂತಿತ್ತು. ಅಂಥ ಹೊತ್ತಿಗೇ ತಂಗಿಯನ್ನು ಕರೆದೊಯ್ಯಲು ತಂಗಿಯ ಗಂಡ ಬಂದ.

ತಂಗಿ ಹೇಳದೆ ಕೇಳದೆ ಬಂದು ಅಕ್ಕನ ಮನೆ ಸೇರಿದ್ದಳು. ಯಾಕೆ ಅಂದರೆ ತುಟಿ ಪಿಟಕ್ಕೆನ್ನಲಿಲ್ಲ. ಅಕ್ಕ ತಾನೇ ಅದಕ್ಕೊಂದು ಹೆಸರಿಟ್ಟಳು: ಮುನಿಸು. ಬೇಕಾದವರ ಮೇಲೆ ಬರುವ ಸಿಟ್ಟು, ರಮಿಸಿದರೆ ಇಳಿಯುವಂಥದ್ದು. ಆ ಗಂಡನೋ, ಬಾಯಲ್ಲಿ ಬೆರಳಿಟ್ಟರೂ ಕಚ್ಚಲಾರದ ಮನುಷ್ಯ. ಹಾಗಾಗಿ ತಂಗಿಯ ಬಟ್ಟೆಬರೆಯನ್ನು ಅಕ್ಕನೇ ಚೀಲಕ್ಕೆ ತುಂಬಿಟ್ಟಿದ್ದಳು.

"ಏನಕ್ಕಾ, ಇವತ್ತು ಯಾವ ಪದದ ಗ್ರಹಚಾರ ಕೆಟ್ಟಿದೆ?" ಅಂದ ಅವನು, ನಗುತ್ತಾ.

"ಸಿಟ್ಟು ಕಣಪ್ಪ. ನಿನಗೆ ಯಾವಾಗ ಬಂದಿತ್ತು, ಹೇಳು."

"ನನಗಾ? ಇವಳನ್ನೇ ಕೇಳಿ. ಒಂದಿನ ಗಟ್ಟಿಯಾಗಿ ಮಾತಾಡಿದ್ದೀನಾ?"

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ತಂಗಿ ಇಲ್ಲವೆಂದು ತಲೆಯಾಡಿಸಿದಳು. ತೀರಾ ಬೇಗ ಆಡಿಸಿದಳು.

ಅಕ್ಕನಿಗೆ ತನ್ನ ಪದದ್ದೇ ಗುಂಗು. "ಸಂಸ್ಕೃತದ ಕೋಪ ಇದೆಯಲ್ಲ, ಅದರ ಬೇರಲ್ಲಿ ಕದಡೋದು, ಕುದಿಯೋದು ಇದೆ. ಅದು ಸರಿ. ಇಂಗ್ಲಿಷಿನ ಆ್ಯಂಗರ್ ನೋಡು, ಹಿಂದೆ ಅದಕ್ಕೆ ದುಃಖ ಅಂತ ಅರ್ಥ. ಇನ್ನೂ ಹಿಂದಕ್ಕೆ ಹೋದ್ರೆ ಬಿಗಿ, ಇಕ್ಕಟ್ಟು. ಉಸಿರು ಕಟ್ಟಿದ ಹಾಗೆ. ಸಿಟ್ಟಿಗೂ ಬಿಗಿಗೂ ಏನು ನಂಟೋ!"

"ಅದೇ ಸರಿಯಾದ ಅರ್ಥ," ಅಂದ ತಂಗಿಯ ಗಂಡ.

ಅವನು ಎದ್ದು ಹೋಗಿ ಹೆಂಡತಿಯ ಕೊರಳನ್ನು ಎರಡು ಬೆರಳಲ್ಲಿ ಮೆಲ್ಲಗೆ ಮುಟ್ಟಿದ. "ಇಲ್ಲಿ ಶುರುವಾಗತ್ತೆ ನೋಡಿ. ಕುದಿಯೋದು ಗಿದಿಯೋದು ಎಲ್ಲ ಸುಳ್ಳು. ಕೈ ತಣ್ಣಗೇ ಇರತ್ತೆ."

ತಂಗಿ ಕಣ್ಣು ಮುಚ್ಚಿದಳು, ಅಭ್ಯಾಸವಾದವಳ ಹಾಗೆ. ಅಕ್ಕ ತಟ್ಟನೆ ಎದ್ದು ನಿಂತಳು. ಅಯ್ಯೋ, ಊರಿನ ಪದಗಳಿಗೆಲ್ಲ ಅರ್ಥ ಹುಡುಕಿದವಳು ಒಡಹುಟ್ಟಿದವಳ ಭಯಕ್ಕೆ ಮುನಿಸು ಅಂತ ಹೆಸರಿಟ್ಟು ಕೂತಿದ್ದಳಲ್ಲ! ಅವಳಿಗೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು.

"ಕೈ ತೆಗಿ," ಅಂದಳು. "ಅವಳು ಬರಲ್ಲ. ನೀನು ಹೊರಡು."

ಅವನು ಕೈ ತೆಗೆದ. ಮುಖ ಕೆಂಪಾಗಲಿಲ್ಲ, ದನಿ ಏರಲಿಲ್ಲ. ಬೀದಿ ಬಾಗಿಲವರೆಗೆ ಹೋಗಿ, ಒಳಗಿನಿಂದ ಚಿಲಕ ಹಾಕಿ, ವಾಪಸ್ಸು ಬಂದು ಕುರ್ಚಿಯಲ್ಲಿ ಕೂತ.

"ಮುಂದೆ ಹೇಳಿ ಅಕ್ಕಾ. ಬೇರೆ ಭಾಷೇಲಿ ಏನಂತಾರೆ? ನನಗೇನೂ ಅವಸರ ಇಲ್ಲ."